ಮೊದಲ ಬಿಲ್ಲು ಹಗುರವಾಗಿರಲಿ

ಬಿಲ್ಲುಗಾರಿಕೆ ಕಲಿಯಲು ಹೊರಟ ಗಟ್ಟಿಮುಟ್ಟಾದ ವಯಸ್ಕರೊಬ್ಬರಿಗೆ ‘ನಿಮ್ಮ ಮೊದಲ ಬಿಲ್ಲು 20 ಪೌಂಡಿನ ಆಸುಪಾಸಿನಲ್ಲಿರಲಿ’ ಎಂದು ಹೇಳಿ ನೋಡಿ, ಅವರ ಮುಖ ಸಪ್ಪಗಾಗುತ್ತದೆ. ಹೆದೆಯನ್ನು ಎಳೆಯಲು ಬೇಕಾದ ಬಲ 20 ಪೌಂಡ್, ಎಂದರೆ ಸುಮಾರು 9 ಕಿಲೋ. ಜಿಮ್‌ನಲ್ಲಿ ಅದರ ಐದರಷ್ಟು ಎಳೆಯುವವರಿಗೆ ಅದು ಮಕ್ಕಳ ಬಿಲ್ಲೆನಿಸುತ್ತದೆ. ‘40 ಪೌಂಡಿನದನ್ನೇ ಕೊಡಿ, ಎಳೆದೇ ತೋರಿಸುತ್ತೇನೆ’ ಎನ್ನುತ್ತಾರೆ. ಎಳೆಯುತ್ತಾರೆ ಕೂಡ. ಒಂದು ಸಲ ಎಳೆಯಬಲ್ಲರು, ಹತ್ತು ಸಲವೂ ಎಳೆಯಬಲ್ಲರು. ಆದರೆ ಬಿಲ್ಲನ್ನು ಎಳೆಯಬಲ್ಲೆನೇ ಎಂಬುದು ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅಲ್ಲ. ಎಳೆದ ಹೆದೆಯನ್ನು ಗದ್ದಕ್ಕೆ ತಾಗಿಸಿ, ಭುಜ ಕಿವಿಯತ್ತ ಏರದಂತೆ, ಉಸಿರು ಕಟ್ಟದಂತೆ, ಗುರಿಯ ಮೇಲೆ ಕಣ್ಣಿಟ್ಟು ಕೆಲವು ಕ್ಷಣ ನೆಮ್ಮದಿಯಿಂದ ನಿಲ್ಲಬಲ್ಲೆನೇ? ಒಂದೇ ಬೆಳಿಗ್ಗೆ ಅದನ್ನು ನೂರು ಸಲ ಮಾಡಬಲ್ಲೆನೇ? ನೂರನೆಯ ಬಾಣ ಮೊದಲನೆಯದರ ಹಾಗೆಯೇ ಹೊರಡುತ್ತದೆಯೇ? ಕೇಳಿಕೊಳ್ಳಬೇಕಾದ್ದು ಇವನ್ನು.

ಮೊದಲ ಬಿಲ್ಲನ್ನು ಆರಿಸುವಾಗ ಅದರ ಜಾತಿ, ಕಂಪನಿ, ಬಣ್ಣ, ಬೆಲೆ ಎಲ್ಲವೂ ಆಮೇಲಿನ ಮಾತು. ಕಲಿಯುವವರ ಮೈಗೆ ಅದು ಹಗುರವಾಗಿದೆಯೇ ಎಂಬುದನ್ನು ಮೊದಲು ನೋಡಬೇಕು, ಉಳಿದ ಯಾವ ಅನುಕೂಲಕ್ಕಾಗಿಯೂ ಇದರಲ್ಲಿ ರಾಜಿಯಾಗಬಾರದು ಎಂಬುದು ನನ್ನ ನಿಲುವು. ಹೇಳುವಾಗ ಇದು ಸುಲಭ. ಆಚರಣೆಗೆ ಬಂದಾಗ ನಮ್ಮ ಕಥೆಗಳು, ಮಧ್ಯಮ ವರ್ಗದ ಲೆಕ್ಕಾಚಾರ, ಮೊಬೈಲಿನಲ್ಲಿ ನೋಡುವ ವಿದೇಶಿ ವೀಡಿಯೊಗಳು ಮೂರೂ ಇದಕ್ಕೆ ಎದುರಾಗಿ ನಿಲ್ಲುತ್ತವೆ. ಅದಕ್ಕಾಗಿಯೇ ಸ್ವಲ್ಪ ವಿಸ್ತಾರವಾಗಿ ವಾದಿಸಬೇಕಾಗಿದೆ.

ಕಥೆಗಳಿಂದಲೇ ಶುರು ಮಾಡೋಣ. ಬಿಲ್ಲು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಜನಕನ ಸಭೆಯ ಶಿವಧನುಸ್ಸು ಮತ್ತು ದ್ರೌಪದಿಯ ಸ್ವಯಂವರದ ಬಿಲ್ಲು. ಎರಡೂ ಕಡೆ ರಾಜಕುಮಾರರ ಸಾಲು ಸಾಲೇ ಸೋಲುತ್ತದೆ, ಒಬ್ಬ ಗೆಲ್ಲುತ್ತಾನೆ. ಹೆದೆಯೇರಿಸಲಾಗದವನು ತಲೆ ತಗ್ಗಿಸಿ ಹಿಂದಿರುಗುತ್ತಾನೆ. ಯಕ್ಷಗಾನದಲ್ಲಿ, ಸಿನಿಮಾದಲ್ಲಿ, ಅಜ್ಜಿಯ ಬಾಯಲ್ಲಿ ಇದನ್ನು ಎಷ್ಟೋ ಸಲ ಕೇಳಿದ ನಮಗೆ ಬಿಲ್ಲಿನ ಭಾರವೇ ಬಿಲ್ಲುಗಾರನ ಯೋಗ್ಯತೆಯ ಅಳತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ಎರಡೂ ಕಥೆಗಳು ಕಲಿತು ಮುಗಿಸಿದವರ ಕಥೆಗಳು. ಕಲಿಯುವವರ ಕಥೆಯೊಂದು ಅದೇ ಮಹಾಭಾರತದಲ್ಲಿದೆ. ದ್ರೋಣರು ಶಿಷ್ಯರನ್ನು ಒಬ್ಬೊಬ್ಬರನ್ನಾಗಿ ಕರೆದು, ಮರದ ಮೇಲಿನ ಹಕ್ಕಿಯನ್ನು ತೋರಿಸಿ, ಏನು ಕಾಣುತ್ತಿದೆ ಎಂದು ಕೇಳುವ ಪ್ರಸಂಗ ಅದು. ಅಲ್ಲಿ ಬಿಲ್ಲು ಎಷ್ಟು ಬಿಗಿ, ಎಷ್ಟು ದೊಡ್ಡದು ಎಂಬ ಮಾತೇ ಬರುವುದಿಲ್ಲ. ಬಾಣ ಹೂಡಿ ನಿಂತಿರುವಾಗಲೇ ಗುರುವಿನ ಪ್ರಶ್ನೆಗಳಿಗೆ ಶಿಷ್ಯರು ಉತ್ತರಿಸಬೇಕು. ಹಾಗೆ ನಿಂತು ಮಾತಾಡಬೇಕೆಂದರೆ ಬಿಲ್ಲು ಕೈಗೆ ಹಗುರವಾಗಿಯೇ ಇರಬೇಕು. ಕಲಿಕೆಯ ಆ ಕಥೆ ನಮಗೆ ಕಣ್ಣಿನ ಏಕಾಗ್ರತೆಯ ಪಾಠವಾಗಿ ಮಾತ್ರ ಉಳಿದಿದೆ.

ನಮ್ಮದೇ ಕೊಡಗಿನ ಪದ್ಧತಿಯೊಂದು ಇಲ್ಲಿ ನೆನಪಾಗುತ್ತದೆ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದಾಗ ಹರಳು ಗಿಡದ ಕಡ್ಡಿಯನ್ನು ಬಾಗಿಸಿ ಮಾಡಿದ ಪುಟ್ಟ ಬಿಲ್ಲನ್ನೂ, ಅದೇ ಗಿಡದ ಎಲೆಯ ತೊಟ್ಟಿನ ಬಾಣವನ್ನೂ ಮಗುವಿನ ಕೈಗೆ ಕೊಟ್ಟು, ಅಂಗಳದಲ್ಲಿ ಕೋವಿ ಹಾರಿಸುತ್ತಿದ್ದರೆಂದು 19ನೇ ಶತಮಾನದ ಬರಹಗಳು ದಾಖಲಿಸಿವೆ. ಅದು ವಿಧಿ, ತರಬೇತಿಯಲ್ಲ ಎಂಬುದು ಗೊತ್ತಿದೆ. ಆದರೂ ಯುದ್ಧಕ್ಕೂ ಬೇಟೆಗೂ ಹೆಸರಾದ ಜನ ತಮ್ಮ ಮಗನಿಗೆ ಕೊಟ್ಟ ಮೊದಲ ಬಿಲ್ಲು ಎಳೆಯ ಮುಷ್ಟಿಗೆ ತಕ್ಕ ಹರಳು ಕಡ್ಡಿಯದು ಎಂಬುದನ್ನು ಯೋಚಿಸಿದರೆ ಮನಸ್ಸಿಗೆ ಹಿತವಾಗುತ್ತದೆ.

ಭಾರದ ಬಿಲ್ಲಿಗೆ ಜಗತ್ತಿನಲ್ಲೇ ಹೆಸರಾದವರು ಮಧ್ಯಯುಗದ ಇಂಗ್ಲಿಷ್ ಬಿಲ್ಲುಗಾರರು. 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಯುದ್ಧನೌಕೆಯನ್ನು 1982ರಲ್ಲಿ ಸಮುದ್ರದಿಂದ ಮೇಲೆತ್ತಲಾಯಿತು. ಅದರಲ್ಲಿ ದೊರೆತ ಯೂ ಮರದ ನೀಳ ಬಿಲ್ಲುಗಳ ಎಳೆತದ ಭಾರವನ್ನು ತಜ್ಞರು 100 ಪೌಂಡಿಗೂ ಮೇಲೆ, ಕೆಲವದನ್ನು 180ರ ಹತ್ತಿರ ಅಂದಾಜು ಮಾಡಿದ್ದಾರೆ. ಇಂದಿನ ಒಲಿಂಪಿಕ್ ಬಿಲ್ಲುಗಾರ ಬಳಸುವುದು ಸುಮಾರು 50 ಪೌಂಡಿನದು! ನೂರು ಪೌಂಡು ಮೀರಿದ ಬಿಲ್ಲನ್ನು ಎಳೆಯುವ ಜನ ಹೇಗೆ ತಯಾರಾದರು? ಉತ್ತರ 1549ರ ಒಂದು ಉಪದೇಶದಲ್ಲಿ ಸಿಗುತ್ತದೆ. ಮಾಜಿ ಬಿಷಪ್ ಹ್ಯೂ ಲ್ಯಾಟಿಮರ್ ಎಳೆಯ ದೊರೆ ಆರನೇ ಎಡ್ವರ್ಡ್‌ನ ಎದುರು ಮಾತಾಡುತ್ತ ತನ್ನ ಬಾಲ್ಯವನ್ನು ನೆನೆದ. ರೈತನಾಗಿದ್ದ ಅವನ ತಂದೆ ಮಗನ ವಯಸ್ಸಿಗೂ ಶಕ್ತಿಗೂ ತಕ್ಕ ಬಿಲ್ಲನ್ನೇ ಕೊಡಿಸುತ್ತಿದ್ದನಂತೆ, ಮಗ ಬೆಳೆದಂತೆ ಬಿಲ್ಲೂ ದೊಡ್ಡದಾಗುತ್ತ ಹೋಯಿತಂತೆ. ಯುದ್ಧಕ್ಕಾಗಿಯೇ ಬಿಲ್ಲು ಕಲಿಸುತ್ತಿದ್ದ ನಾಡಿನಲ್ಲೂ, ಒಬ್ಬ ರೈತನ ಮನೆಯಲ್ಲೂ, ಒಂದರ ಮೇಲೊಂದು ಬಿಲ್ಲು ಬದಲಿಸುವುದು ದುಂದು ಅನ್ನಿಸಿರಲಿಲ್ಲ.

ಇನ್ನು ದೇಹದ ಮಾತು. ಭಾರ ಹೆಚ್ಚಾದ ಬಿಲ್ಲು ಹಿಡಿದವರನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದರೆ ಸಾಕು, ಪೌಂಡಿನ ಲೆಕ್ಕ ಕೇಳಬೇಕಾಗಿಲ್ಲ. ಹೆದೆಯನ್ನು ಎಳೆಯುವಾಗ ಅವರ ಬಿಲ್ಲಿನ ಕೈ ಮುಗಿಲಿಗೆ ಏರುತ್ತದೆ. ಮೇಲಿಂದ ಕೆಳಕ್ಕೆ ತರುವಾಗ ಇಡೀ ಮೈಯ ಭಾರವನ್ನು ಅದಕ್ಕೆ ಹಾಕುತ್ತಾರೆ. ಬಿಲ್ಲು ಹಿಡಿದ ಭುಜ ಮೇಲಕ್ಕೆದ್ದು ಕಿವಿಗೆ ತಾಗುವಂತಾಗುತ್ತದೆ. ಸೊಂಟ ಮುಂದಕ್ಕೆ ಬಂದು ಬೆನ್ನು ಹಿಂದಕ್ಕೆ ಬಾಗುತ್ತದೆ. ಹೆದೆ ಗದ್ದಕ್ಕೆ ಬರಬೇಕು, ಆದರೆ ಬರುವುದಿಲ್ಲ. ಹಾಗಾಗಿ ಕುತ್ತಿಗೆಯೇ ಮುಂದೆ ಚಾಚಿ ಹೆದೆಯನ್ನು ಮುಟ್ಟುತ್ತದೆ. ಮುಟ್ಟಿದ ಮರುಕ್ಷಣವೇ ಬಾಣ ಹಾರಿರುತ್ತದೆ, ಹಿಡಿದು ನಿಲ್ಲಲು ಶಕ್ತಿ ಉಳಿದಿರುವುದಿಲ್ಲ. ಬಾಣ ಗುರಿಹಲಗೆಗೆ ತಾಗಿದರೂ ಅದರಿಂದ ಕಲಿಯುವುದೇನೂ ಇಲ್ಲ, ಏಕೆಂದರೆ ಮುಂದಿನ ಬಾಣ ಬೇರೆಯದೇ ಮೈಯಿಂದ ಹೊರಡುತ್ತದೆ.

ಬಿಲ್ಲು ಎಳೆಯಬೇಕಾದ್ದು ತೋಳಲ್ಲ, ಬೆನ್ನು. ಎರಡು ಹೆಗಲ ಮೂಳೆಗಳನ್ನು ಅವುಗಳ ನಡುವಿನ ಸ್ನಾಯುಗಳು ನಿಧಾನವಾಗಿ ಹತ್ತಿರ ಸೆಳೆಯುತ್ತ ಹೆದೆಯನ್ನು ಹಿಡಿದಿಡಬೇಕು. ದಿನನಿತ್ಯದ ಬದುಕಿನಲ್ಲಿ ಆ ಸ್ನಾಯುಗಳನ್ನು ಬೇಕೆಂದು ಬಳಸುವ ಅಭ್ಯಾಸ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ, ಅವು ಎಲ್ಲಿವೆಯೆಂದು ಮೈಗೆ ಗೊತ್ತಾಗಲೇ ವಾರಗಳು ಬೇಕು. ಭಾರವಾದ ಬಿಲ್ಲು ಆ ವಾರಗಳನ್ನು ಕಸಿದುಕೊಳ್ಳುತ್ತದೆ. ಗೊತ್ತಿಲ್ಲದ ಸ್ನಾಯುವನ್ನು ಹುಡುಕುವಷ್ಟು ವ್ಯವಧಾನ ದೇಹಕ್ಕಿಲ್ಲದಾಗ ಅದು ಗೊತ್ತಿರುವ ತೋಳನ್ನೇ ನೆಚ್ಚುತ್ತದೆ. ಅಭ್ಯಾಸ ಬೇರೂರುವುದು ಹೀಗೆ. ತೋಳಿನಿಂದ ಎಳೆಯುವುದನ್ನು ಒಂದು ವರ್ಷ ರೂಢಿಸಿಕೊಂಡವರಿಗೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ ಎಂದು ತರಬೇತುದಾರರು ಹೇಳುತ್ತಾರೆ. ಇದರ ಜೊತೆಗೆ ಭುಜದ ಕೀಲಿನ ನೋವು ಬರುತ್ತದೆ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಅದನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ನಿಧಾನಕ್ಕೆ ಗಟ್ಟಿಯಾಗುತ್ತದೆ. ಎಳೆಯುವ ಶಕ್ತಿ ಬಂದಿದೆ ಎಂದು ಅನ್ನಿಸಿದ ಮೇಲೂ ಕೀಲು ಹಿಂದೆಯೇ ಉಳಿದಿರುತ್ತದೆ. ಮೂಳೆ ಇನ್ನೂ ಬೆಳೆಯುತ್ತಿರುವ ಮಕ್ಕಳ ವಿಷಯದಲ್ಲಂತೂ ಪಣವೊಡ್ಡುವ ಹಕ್ಕು ಯಾವ ದೊಡ್ಡವರಿಗೂ ಇಲ್ಲ.

ಬಿಲ್ಲುಗಾರರು ತುಂಬ ಹೆದರುವ ಇನ್ನೊಂದು ಕಾಯಿಲೆಯಿದೆ, ಅವರು ಅದನ್ನು ಟಾರ್ಗೆಟ್ ಪ್ಯಾನಿಕ್ ಎನ್ನುತ್ತಾರೆ. ಗುರಿ ಹಲಗೆಯ ನಡುವಿನ ಹಳದಿ ವೃತ್ತದ ಹತ್ತಿರ ಬಂದೊಡನೆ ಬೆರಳು ತಾನಾಗಿ ಬಿಟ್ಟುಬಿಡುತ್ತದೆ. ಇಲ್ಲವೇ ಹಳದಿಯ ಕೆಳಗೇ ಬಿಲ್ಲು ಹೆಪ್ಪುಗಟ್ಟಿದಂತೆ ನಿಂತು ಮೇಲೇಳುವುದೇ ಇಲ್ಲ. ಇದಕ್ಕೆ ಕಾರಣಗಳು ಹಲವು, ಮನಸ್ಸಿನವೂ ಇವೆ. ಆದರೆ ಹಿಡಿದು ನಿಲ್ಲಲಾಗದ ಭಾರದೊಂದಿಗೆ ಕಲಿತವರಲ್ಲಿ ಈ ಅವಸರಕ್ಕೆ ಬೀಜ ಬಿದ್ದಿರುತ್ತದೆ. ಗುರಿ ಕಂಡ ಕೂಡಲೇ ಬಿಡಬೇಕು, ಇಲ್ಲದಿದ್ದರೆ ತೋಳು ಸೋಲುತ್ತದೆ ಎಂಬುದನ್ನು ಅವರ ಮೈ ಸಾವಿರಾರು ಸಲ ಕಲಿತಿರುತ್ತದೆ.

ಲೆಕ್ಕ ಹಾಕಿಯೇ ನೋಡಬಹುದು. ಅಂತರರಾಷ್ಟ್ರೀಯ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 72 ಬಾಣ ಬಿಡಬೇಕು. 20 ಪೌಂಡಿನ ಬಿಲ್ಲಿನಲ್ಲಿ ಅಷ್ಟು ಬಾಣಕ್ಕೆ ಎಳೆದ ಒಟ್ಟು ಭಾರ ಸುಮಾರು 650 ಕಿಲೋ. 40 ಪೌಂಡಿನಲ್ಲಾದರೆ 1,300 ಕಿಲೋ ದಾಟುತ್ತದೆ. ಕಲಿಯುವ ದಿನಗಳಲ್ಲಿ ಬಾಣಗಳ ಸಂಖ್ಯೆಯೇ ಗುರು. ಮೊದಲ ತಿಂಗಳುಗಳಲ್ಲಿ ಒಂದು ದಿನಕ್ಕೆ ನೂರು ಒಳ್ಳೆಯ ಬಾಣ ಬಿಡಲು ಬಿಡುವ ಬಿಲ್ಲು ಮೂವತ್ತಕ್ಕೇ ಸುಸ್ತು ಮಾಡಿಸುವ ಬಿಲ್ಲಿಗಿಂತ ಮೂರು ಪಟ್ಟು ಪಾಠ ಹೇಳುತ್ತದೆ.

ಹಾಗಾದರೆ ‘ಹೊಸಬರೂ 40, 45 ಪೌಂಡಿನಿಂದ ಶುರು ಮಾಡಿ’ ಎಂಬ ಸಲಹೆ ಬರುವುದಾದರೂ ಎಲ್ಲಿಂದ? ಹೆಚ್ಚಾಗಿ ಅಮೆರಿಕದಿಂದ. ಅಲ್ಲಿ ಬಿಲ್ಲು ಬೇಟೆಯ ಸಾಧನವೂ ಹೌದು. ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಬಿಲ್ಲು ಇಂತಿಷ್ಟು ಪೌಂಡಿಗಿಂತ ಹಗುರವಾಗಿರಬಾರದು ಎಂಬ ಕಾನೂನೇ ಇದೆ. ಬಾಣ ಪ್ರಾಣಿಯನ್ನು ಅರೆಜೀವ ಮಾಡಿ ನರಳಿಸಬಾರದು ಎಂಬ ಕಾಳಜಿ ಅದರ ಹಿಂದಿದೆ. ಅಲ್ಲಿನವರಿಗೆ ಅದು ನ್ಯಾಯವೇ. ಆದರೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ನಮ್ಮ ಬಾಣ ತಾಗಬೇಕಾದ್ದು ಒತ್ತಿ ಕಟ್ಟಿದ ಹುಲ್ಲಿಗೆ, ಫೋಮಿಗೆ. 18 ಮೀಟರಿನ ಒಳಾಂಗಣ ದೂರಕ್ಕೆ 20 ಪೌಂಡಿನ ಬಿಲ್ಲು ಬಾಣವನ್ನು ಸಲೀಸಾಗಿ ಮುಟ್ಟಿಸುತ್ತದೆ. ಆರಂಭದ ವಾರಗಳಲ್ಲಿ ಅಷ್ಟು ದೂರವೂ ಬೇಡ, ಐದಾರು ಮೀಟರಿನಲ್ಲಿ ಬರಿಯ ಹಲಗೆಗೆ ಬಿಟ್ಟರೆ ಸಾಕು. 70 ಮೀಟರಿನ ಒಲಿಂಪಿಕ್ ದೂರಕ್ಕೆ ಹೆಚ್ಚು ಭಾರ ಬೇಕು ನಿಜ, ಅದು ಒಂದೆರಡು ವರ್ಷಗಳ ಆಚೆಯ ಮಾತು. ಬೇಟೆಗಾರನ ಸಲಹೆಯನ್ನು ನಂಬಿ ಬೇಟೆಯೇ ಇಲ್ಲದ ನಾಡಿನಲ್ಲಿ ಭುಜ ಕೆಡಿಸಿಕೊಳ್ಳುವುದಕ್ಕೆ ಯಾವ ಕಾರಣವೂ ಇಲ್ಲ.

ಮಧ್ಯಮ ವರ್ಗದ ಲೆಕ್ಕಾಚಾರಕ್ಕೆ ಬಂದರೆ, ಅದರ ಮೂಲ ನಮ್ಮ ಶಾಲೆಯ ಯೂನಿಫಾರ್ಮಿನಲ್ಲಿದೆ. ‘ಬೆಳೆಯೋ ಹುಡುಗ, ಒಂದಳತೆ ದೊಡ್ಡದೇ ಇರಲಿ ಬಿಡಿ’ ಎಂದು ಜೂನ್ ತಿಂಗಳಲ್ಲಿ ಬಟ್ಟೆಯಂಗಡಿಯಲ್ಲಿ ಹೇಳದ ತಾಯ್ತಂದೆಯರು ಅಪರೂಪ. ಆ ವಿವೇಕ ಬಟ್ಟೆಗೆ ಸರಿ. ದೊಡ್ಡ ಚಡ್ಡಿ ಮಗುವಿನ ಸೊಂಟವನ್ನು ಬದಲಿಸುವುದಿಲ್ಲ, ದೊಡ್ಡ ಬಿಲ್ಲು ಮಗುವಿನ ಬೆನ್ನನ್ನು ಬದಲಿಸಿಬಿಡುತ್ತದೆ. ಆದರೂ ‘ಒಂದೇ ಸಲ ಖರ್ಚು ಮಾಡೋಣ’ ಎನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಒಲಿಂಪಿಕ್ ಮಟ್ಟದ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲು, ಬಾಣ, ಗುರಿ ಹಿಡಿಯುವ ಸೈಟು, ಬಿಲ್ಲನ್ನು ಅಲುಗದಂತಿಡುವ ಸ್ಟೆಬಿಲೈಜರುಗಳೆಲ್ಲ ಸೇರಿದರೆ ಎರಡು ಮೂರು ಲಕ್ಷ ರೂಪಾಯಿ ಮುಟ್ಟುತ್ತದೆ. ಆ ಭಯದಲ್ಲಿ ಮೊದಲ ಹೆಜ್ಜೆಯಲ್ಲೇ ಕೊನೆಯ ಮೆಟ್ಟಿಲು ಹತ್ತಲು ಹೋಗುತ್ತಾರೆ.

ಈ ಸಂಕಟಕ್ಕೆ ಬಿಲ್ಲಿನ ರಚನೆಯಲ್ಲೇ ಪರಿಹಾರವಿದೆ. ಇಂದಿನ ರಿಕರ್ವ್ ಬಿಲ್ಲುಗಳಲ್ಲಿ ಹೆಚ್ಚಿನವು ಮೂರು ತುಂಡಿನವು: ಕೈಯಲ್ಲಿ ಹಿಡಿಯುವ ನಡುಭಾಗ ರೈಸರ್, ಅದರ ಮೇಲೂ ಕೆಳಗೂ ಕೂಡಿಸುವ ಎರಡು ಲಿಂಬ್. ಬಾಗಿ ಶಕ್ತಿ ತುಂಬಿಕೊಳ್ಳುವುದು ಲಿಂಬ್, ಹಾಗಾಗಿ ಎಳೆತದ ಭಾರ ನಿಂತಿರುವುದೂ ಅದರ ಮೇಲೆಯೇ. ರೈಸರನ್ನು ಹಾಗೇ ಉಳಿಸಿಕೊಂಡು 18 ಪೌಂಡಿನ ಲಿಂಬ್ ಬಿಚ್ಚಿ 22ರದನ್ನು, ಆಮೇಲೆ 26ರದನ್ನು ಹಾಕುತ್ತ ಹೋಗಬಹುದು. ಮರದ ರೈಸರ್ ಇರುವ ಸಾದಾ ಬಿಲ್ಲಿನಲ್ಲಿ ಅದೇ ಮಾದರಿಯ ಲಿಂಬೇ ಬೇಕು. ಐಎಲ್‌ಎಫ್ ಎಂಬ ಜೋಡಣೆಯ ಲೋಹದ ರೈಸರಿಗೆ ಬೇರೆ ಬೇರೆ ಕಂಪನಿಗಳ ಲಿಂಬ್‌ಗಳೂ ಹೊಂದುತ್ತವೆ. ಅಮೆರಿಕದ ಹೋಯ್ಟ್ ಕಂಪನಿಯವರು ರೂಪಿಸಿದ ಈ ಜೋಡಣೆಯನ್ನು ಈಗ ಜಗತ್ತೆಲ್ಲ ಬಳಸುತ್ತದೆ. ಲಿಂಬ್ ಕೂರುವ ಬೋಲ್ಟನ್ನು ತಿರುಗಿಸಿ ಭಾರವನ್ನು ಒಂದೆರಡು ಪೌಂಡು ಏರಿಳಿಸುವ ಅನುಕೂಲವೂ ಅದರಲ್ಲಿದೆ. ಕೈಯಲ್ಲಿ ಹಣವಿದ್ದರೆ ಅದನ್ನು ಒಳ್ಳೆಯ ರೈಸರಿಗೆ ಹಾಕಿ, ಲಿಂಬ್ ಮಾತ್ರ ಅಗ್ಗದ್ದೂ ಹಗುರದ್ದೂ ಆಗಿರಲಿ. ಲಿಂಬ್‌ಗಳು ಕಳೆದುಹೋಗುವ ಹಣವೂ ಅಲ್ಲ, ಹೊಸದಾಗಿ ಬಂದ ಇನ್ನೊಬ್ಬರು ಅವನ್ನು ಅರ್ಧ ಬೆಲೆಗೆ ಕೊಳ್ಳಲು ಕಾದಿರುತ್ತಾರೆ.

ಲಿಂಬ್ ಮೇಲೆ ಅಚ್ಚಾಗಿರುವ ಅಂಕಿಯನ್ನು ಓದುವುದರಲ್ಲೂ ಎಚ್ಚರ ಬೇಕು. ‘30 ಪೌಂಡ್’ ಎಂದು ಬರೆದಿದ್ದರೆ, ಹೆದೆಯನ್ನು 28 ಅಂಗುಲ ಎಳೆದಾಗ ಅಷ್ಟು ಭಾರ ಎಂದರ್ಥ. ಎಲ್ಲರೂ 28 ಅಂಗುಲ ಎಳೆಯುವುದಿಲ್ಲ. ಎರಡೂ ತೋಳು ಚಾಚಿ ನಿಂತು, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಅಳೆದು, ಬಂದ ಅಂಗುಲಗಳನ್ನು 2.5ರಿಂದ ಭಾಗಿಸಿದರೆ ನಿಮ್ಮ ಎಳೆತದ ಉದ್ದ ಸುಮಾರಾಗಿ ಸಿಗುತ್ತದೆ. ತೋಳಳತೆ 64 ಅಂಗುಲ ಇರುವ ಹೆಣ್ಣುಮಗಳೊಬ್ಬಳದು 25.6 ಅಂಗುಲ. ಪ್ರತಿ ಅಂಗುಲಕ್ಕೆ ಸುಮಾರು 2 ಪೌಂಡು ಏರಿಳಿಯುತ್ತದಾದ್ದರಿಂದ 30 ಪೌಂಡಿನ ಬಿಲ್ಲು ಅವಳ ಬೆರಳಿಗೆ 25ರಷ್ಟೇ ಭಾರ ಕೊಡುತ್ತದೆ. 74 ಅಂಗುಲ ತೋಳಳತೆಯ ಎತ್ತರದ ಹುಡುಗನಿಗೆ ಅದೇ ಬಿಲ್ಲು 33ಕ್ಕೆ ಏರುತ್ತದೆ. ಗೆಳೆಯನ ಬಿಲ್ಲು ತನಗೂ ಸರಿಹೋದೀತು ಎಂದುಕೊಳ್ಳುವವರು ಈ ವ್ಯತ್ಯಾಸ ಗಮನಿಸಬೇಕು. ಬಿಲ್ಲಿನ ಒಟ್ಟು ಉದ್ದವೂ ಎಳೆತದ ಉದ್ದಕ್ಕೆ ಹೊಂದಬೇಕು. 26 ಅಂಗುಲಕ್ಕಿಂತ ಕಡಿಮೆ ಎಳೆಯುವವರಿಗೆ 64 ಅಥವಾ 66 ಅಂಗುಲದ ಬಿಲ್ಲು, 28ರವರೆಗೆ 68, ಅದಕ್ಕೂ ಮೇಲೆ 70 ಎಂದಿಟ್ಟುಕೊಳ್ಳಬಹುದು.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಕುರ್ಚಿಯ ಮೇಲೆ ಕುಳಿತು, ಎರಡೂ ಪಾದಗಳನ್ನು ನೆಲದಿಂದ ಎತ್ತಿ, ಬಿಲ್ಲನ್ನು ಭುಜದ ಮಟ್ಟದಲ್ಲೇ ಹಿಡಿದು, ಮೇಲಕ್ಕೂ ಕೆಳಕ್ಕೂ ಹೊಯ್ದಾಡಿಸದೆ ಪೂರ್ತಿ ಎಳೆಯಬೇಕು. ಎಳೆದು ಹತ್ತು ಹದಿನೈದು ಸೆಕೆಂಡು ನಡುಗದೆ ಹಿಡಿದು, ಅಷ್ಟೇ ನಿಧಾನವಾಗಿ ಹಿಂದಕ್ಕೆ ಬಿಡಬೇಕು. ಆಗದಿದ್ದರೆ ಆ ಬಿಲ್ಲು ಇವತ್ತಿಗೆ ನಿಮ್ಮದಲ್ಲ. ಬಾಣವಿಲ್ಲದೆ ಹೆದೆಯನ್ನು ಫಟ್ಟನೆ ಬಿಟ್ಟುಬಿಡಬೇಡಿ ಎಂದು ಇಲ್ಲೇ ಹೇಳಬೇಕು. ಬಾಣ ಒಯ್ಯಬೇಕಾದ ಶಕ್ತಿಯೆಲ್ಲ ಲಿಂಬಿಗೇ ಮರಳಿ ಬಡಿದು ಅದನ್ನು ಸೀಳಬಹುದು.

ರಿಕರ್ವ್ ಬಿಲ್ಲನ್ನೇ ನಾನು ಇಷ್ಟು ಹೊತ್ತು ಮನಸ್ಸಿನಲ್ಲಿಟ್ಟುಕೊಂಡದ್ದಕ್ಕೆ ಆಕ್ಷೇಪ ಬರಬಹುದು. ಕಾಂಪೌಂಡ್ ಬಿಲ್ಲಿನಲ್ಲಿ ಭಾರತ ಬೆಳಗುತ್ತಿರುವ ಕಾಲ ಇದು. 2023ರಲ್ಲಿ ಬರ್ಲಿನ್‌ನಲ್ಲಿ 17 ವರ್ಷದ ಅದಿತಿ ಸ್ವಾಮಿ, ಜೊತೆಗೆ ಓಜಸ್ ದೇವತಳೆ ವಿಶ್ವ ಚಾಂಪಿಯನ್ನರಾದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಕಾಂಪೌಂಡ್ ಬಿಲ್ಲಿನ ತುದಿಯ ಗಾಲಿಗಳು ಭಾರವನ್ನು ಕೊನೆಯಲ್ಲಿ ಇಳಿಸುವುದರಿಂದ 50 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಹಿಡಿದಿಡಬೇಕಾದ್ದು 12, 13 ಪೌಂಡು ಮಾತ್ರ. ಹಾಗಾದರೆ ಹಗುರದ ವಾದಕ್ಕೆ ಇದೇ ಉತ್ತರವಲ್ಲವೇ? ಭಾಗಶಃ ಹೌದು. ಹತ್ತಿರದಲ್ಲಿ ಕಾಂಪೌಂಡ್ ಬಲ್ಲ ತರಬೇತುದಾರರಿದ್ದು, ಮಗುವಿನ ಒಲವೂ ಅದೇ ಆಗಿದ್ದರೆ ನಾನು ಬೇಡವೆನ್ನುವುದಿಲ್ಲ. ಭಾರವನ್ನೂ ಎಳೆತದ ಉದ್ದವನ್ನೂ ತುಂಬ ವ್ಯಾಪಕವಾಗಿ ಹೊಂದಿಸಬಹುದಾದ ಮಾದರಿಗಳಿವೆ, ಅವನ್ನೇ ಆರಿಸಲಿ. ಆದರೆ ಇಳಿಯುವ ಮುನ್ನ ಭಾರ ಏರಲೇಬೇಕು, ಆ ಏರುದಾರಿಯಲ್ಲಿ ಭುಜ 50 ಪೌಂಡನ್ನು ಪೂರ್ತಿಯಾಗಿ ಹೊರುತ್ತದೆ. ಹೆದೆ ಬದಲಿಸಲೂ ವಿಶೇಷ ಯಂತ್ರ ಬೇಕಾದ ಈ ಬಿಲ್ಲು ಒಂಟಿಯಾಗಿ ಕಲಿಯುವವರಿಗೆ ತೊಡಕು. ಇನ್ನು ಆನ್‌ಲೈನಿನಲ್ಲಿ ಸಿಗುವ ಗಿಡ್ಡನೆಯ, ಚೆಂದದ ಕುದುರೆ ಸವಾರರ ಬಿಲ್ಲುಗಳು ಹೆಬ್ಬೆರಳ ಎಳೆತಕ್ಕೆ ಹುಟ್ಟಿದವು. ದ್ರೋಣರು ಏಕಲವ್ಯನ ಹೆಬ್ಬೆರಳನ್ನೇ ಯಾಕೆ ಕೇಳಿದರೆಂಬುದು ಆ ಎಳೆತವನ್ನು ನೋಡಿದವರಿಗೆ ತಟ್ಟನೆ ಹೊಳೆಯುತ್ತದೆ. ಅದು ಬೇರೆಯದೇ ವಿದ್ಯೆ, ಬಲ್ಲ ಗುರು ಸಿಕ್ಕರೆ ಮಾತ್ರ ಕೈಹಾಕಬೇಕು.

ಬಿದಿರಿನ ಬಿಲ್ಲಿನ ಬಗ್ಗೆ ನನಗೆ ಬಹಳ ಗೌರವವಿದೆ. ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗ ನಿಂತಿರುವುದೇ ಅದರ ಮೇಲೆ. ಕೆಲವೇ ಸಾವಿರ ರೂಪಾಯಿಯ ಈ ಬಿಲ್ಲು ಇಲ್ಲದಿದ್ದರೆ ಎಷ್ಟೋ ಹಳ್ಳಿಯ, ಬುಡಕಟ್ಟಿನ ಮಕ್ಕಳು ಬಿಲ್ಲುಗಾರಿಕೆಯ ಬಾಗಿಲನ್ನೇ ಕಾಣುತ್ತಿರಲಿಲ್ಲ. ರಾಂಚಿಯ ಬಳಿಯ ದೀಪಿಕಾ ಕುಮಾರಿ ಬಿದಿರಿನ ಬಿಲ್ಲಿನಿಂದಲೇ ಹೊರಟು ವಿಶ್ವದ ಅಗ್ರಸ್ಥಾನಕ್ಕೆ ಏರಿದವರು. ರಾಜಸ್ಥಾನದ ಉದಯಪುರದ ಕಡೆಯ ಲಿಂಬಾ ರಾಮ್ 1987ರಲ್ಲಿ ಸರ್ಕಾರಿ ಆಯ್ಕೆಯಲ್ಲಿ ಕಣ್ಣಿಗೆ ಬಿದ್ದು ಮರುವರ್ಷವೇ ಸೋಲ್ ಒಲಿಂಪಿಕ್ಸ್‌ನಲ್ಲಿ ನಿಂತರು. ‘ನೋಡಿ, ಯಾವ ಲೆಕ್ಕವೂ ಇಲ್ಲದೆ ಅವರು ಕಲಿಯಲಿಲ್ಲವೇ’ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಬಾಲ್ಯದಿಂದ ಊರಿನಲ್ಲೇ ಬಿಲ್ಲು ಹಿಡಿದು ಬೆಳೆದ ಹುಡುಗನ ಬೆನ್ನು ಅಕಾಡೆಮಿಗೆ ಬರುವ ಹೊತ್ತಿಗೆ ವರ್ಷಗಳ ಪಾಠ ಮುಗಿಸಿರುತ್ತದೆ. ಲ್ಯಾಟಿಮರ್‌ನ ತಂದೆ ಮಾಡಿದ್ದನ್ನು ಅಲ್ಲಿ ಊರೇ ಮಾಡಿತ್ತು. ಬೆಂಗಳೂರಿನ ಐಟಿ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರಿನತ್ತ ಬಾಗಿ ಕೂತ ಬೆನ್ನಿಗೆ ಆ ವರ್ಷಗಳನ್ನು ಬೇರೆ ದಾರಿಯಿಂದ ಕೊಡಬೇಕು. ಬಿದಿರಿನ ಬಿಲ್ಲನ್ನೂ ಆರಿಸುವುದಾದರೆ ತಯಾರಿಸುವವರಿಗೆ ಎಳೆತದ ಉದ್ದ ಹೇಳಿ, ಹಗುರದ್ದನ್ನೇ ಕೇಳಿ ಪಡೆಯಿರಿ. ಲಿಂಬ್ ಬದಲಿಸಲಾಗದ ಬಿಲ್ಲಿನಲ್ಲಿ ಮೊದಲ ಆಯ್ಕೆ ತಪ್ಪಿದರೆ ಸರಿಪಡಿಸಲು ಏನೂ ಉಳಿಯುವುದಿಲ್ಲ.

ಬಿಲ್ಲು ದೇಹಕ್ಕೆ ಒಗ್ಗಬೇಕು ಎಂಬ ಮಾತಿಗೆ ಶೀತಲ್ ದೇವಿಗಿಂತ ದೊಡ್ಡ ಸಾಕ್ಷಿ ನನಗೆ ಕಾಣುವುದಿಲ್ಲ. ಜಮ್ಮು ಮತ್ತು ಕಾಶ್ಮೀರದ ಕಿಶ್ತ್‌ವಾಡದಲ್ಲಿ ತೋಳುಗಳಿಲ್ಲದೆ ಹುಟ್ಟಿದ ಈ ಹುಡುಗಿ ಬಿಲ್ಲನ್ನು ಬಲಗಾಲಿನಿಂದ ಹಿಡಿದು, ಭುಜಕ್ಕೆ ಕಟ್ಟಿದ ಸಾಧನದಿಂದ ಹೆದೆ ಎಳೆಯುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಳು. ಅವಳಿಗೆ ಕಲಿಸಿದವರು ಸಾಧನವನ್ನು ಅವಳ ಮೈಗೆ ತಕ್ಕಂತೆ ರೂಪಿಸಿದರು. ಅಂಗಡಿಯ ಬಿಲ್ಲಿಗೆ ತಕ್ಕಂತೆ ಅವಳು ಬದಲಾಗಬೇಕೆಂದು ಹಟ ಹಿಡಿದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಎರಡು ತೋಳಿರುವ ನಮಗೂ ಅದೇ ಮರ್ಯಾದೆ ಸಲ್ಲಬೇಕು.

ಹಗುರಕ್ಕೂ ಒಂದು ಮಿತಿಯಿದೆ ಎಂಬುದನ್ನು ಮುಚ್ಚಿಡಬಾರದು. ಹೆದೆಯ ಸೆಳೆತ ತೀರ ಕಡಿಮೆಯಾದರೆ ಬೆರಳಿನಿಂದ ಅದು ಚೊಕ್ಕವಾಗಿ ಜಾರುವುದಿಲ್ಲ, ಬೆರಳೇ ಅದನ್ನು ತಳ್ಳಿದಂತಾಗುತ್ತದೆ. ಎತ್ತರದ ವಯಸ್ಕರಿಗೆ 12 ಪೌಂಡಿನ ಮಕ್ಕಳ ಬಿಲ್ಲು ಕೊಟ್ಟರೆ ಅವರು ಕಲಿಯುವುದೂ ಅಷ್ಟಕ್ಕಷ್ಟೆ. ಬೆರಳ ತುದಿಗೆ ಬರುವ ಭಾರ ವಯಸ್ಕರಿಗೆ 18ರಿಂದ 24, ಹತ್ತು ಹನ್ನೆರಡರ ಮಕ್ಕಳಿಗೆ 10ರಿಂದ 16 ಪೌಂಡಿನ ನಡುವೆ ಇದ್ದರೆ ಹದ ಎಂದು ನಾನು ತಿಳಿದಿದ್ದೇನೆ. ಭಾರ ಏರಿಸುವಾಗ ಒಂದು ಸಲಕ್ಕೆ 2, ಹೆಚ್ಚೆಂದರೆ 4 ಪೌಂಡು.

ಬಿಲ್ಲಿನಲ್ಲಿ ಉಳಿಸಿದ ಹಣವನ್ನು ಬಾಣಕ್ಕೆ ಹಾಕಿ. ಹೊಸಬರು ಇದನ್ನು ಕಡೆಗಣಿಸುವುದು ನೋಡಿದಾಗ ಬೇಸರವಾಗುತ್ತದೆ. ಬಿಲ್ಲು ಬಿಟ್ಟ ಕ್ಷಣ ಬಾಣ ನೇರವಾಗಿ ಹೋಗುವುದಿಲ್ಲ, ಬಾಗಿ ಬಳುಕಿ ರೈಸರನ್ನು ಬಳಸಿ ಹೊರಡುತ್ತದೆ. ಎಷ್ಟು ಬಳುಕಬೇಕು ಎಂಬುದು ಬಿಲ್ಲಿನ ಭಾರಕ್ಕೆ, ಬಾಣದ ಉದ್ದಕ್ಕೆ, ತುದಿಯ ತೂಕಕ್ಕೆ ಹೊಂದಬೇಕು. ಬಾಣದ ಈ ಬಳುಕಿನ ಅಳತೆಯನ್ನು ಸ್ಪೈನ್ ಎನ್ನುತ್ತಾರೆ. 20 ಪೌಂಡಿನ ಬಿಲ್ಲಿಗೆ 50 ಪೌಂಡಿನವರ ಬಿರುಸು ಬಾಣ ಹಾಕಿದರೆ ಅದು ಬಳುಕದೆ ಸದಾ ಒಂದೇ ಪಕ್ಕಕ್ಕೆ ಬೀಳುತ್ತದೆ, ಕಲಿಯುವವರು ತಮ್ಮ ಕೈಯನ್ನು ದೂರುತ್ತಾರೆ. ಬಾಣ ಗಿಡ್ಡವಾಗಿರುವುದು ಅದಕ್ಕಿಂತ ಅಪಾಯ. ಪೂರ್ತಿ ಎಳೆದಾಗ ಅದರ ತುದಿ ಬಾಣ ಕೂರುವ ರೆಸ್ಟ್‌ನಿಂದ ಹಿಂದೆ ಜಾರಿ, ಬಿಟ್ಟಾಗ ಹಿಡಿದ ಕೈಗೇ ನುಗ್ಗಬಹುದು. ಎಳೆತದ ಉದ್ದಕ್ಕಿಂತ ಎರಡು ಅಂಗುಲವಾದರೂ ಉದ್ದವಿರಲಿ, ಏಕೆಂದರೆ ಕಲಿತಂತೆ ಎಳೆತ ಸ್ವಲ್ಪ ಉದ್ದವಾಗುತ್ತದೆ. ಒಂದೇ ಅಳತೆಯ ಆರು ಬಾಣ, ಮುಂಗೈಗೆ ರಕ್ಷಾಕವಚ, ಬೆರಳಿಗೆ ಚರ್ಮದ ಟ್ಯಾಬ್, ಹೆದೆಯೇರಿಸುವ ಸ್ಟ್ರಿಂಗರ್ ಹಗ್ಗ, ಇಷ್ಟಿಲ್ಲದೆ ಬಿಲ್ಲೊಂದನ್ನೇ ಮನೆಗೆ ತರಬೇಡಿ.

ಬಲಗೈ ಬಿಲ್ಲೋ ಎಡಗೈ ಬಿಲ್ಲೋ ಎಂಬುದನ್ನು ಕೈಗಿಂತ ಮೊದಲು ಕಣ್ಣು ತೀರ್ಮಾನಿಸುತ್ತದೆ. ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಯಾವುದಾದರೂ ವಸ್ತುವನ್ನು ಎರಡೂ ಕಣ್ಣಿನಿಂದ ನೋಡಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿರುವಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೆಯೋ ಅದು ನಿಮ್ಮ ಪ್ರಬಲ ಕಣ್ಣು. ಬಲಗಣ್ಣಾದರೆ ಬಲಗೈಯಿಂದ ಎಳೆಯುವ ಬಿಲ್ಲು. ಅದನ್ನು ಹಿಡಿಯುವುದು ಎಡಗೈಯಲ್ಲಿ. ಆನ್‌ಲೈನಿನಲ್ಲಿ ಕೊಳ್ಳುವವರು ಎಡವುವುದು ಹೆಚ್ಚಾಗಿ ಇಲ್ಲೇ.

‘ಮೊದಲ ಕೆಲವು ತಿಂಗಳು ಕೊಳ್ಳಲೇಬೇಡಿ, ಕ್ಲಬ್ಬಿನ ಬಿಲ್ಲಿನಲ್ಲಿ ಕಲಿಯಿರಿ’ ಎಂಬುದು ಎಲ್ಲಕ್ಕಿಂತ ಒಳ್ಳೆಯ ಸಲಹೆ. ಆದರೆ ಇದು ಬೆಂಗಳೂರಿನಂಥ ಊರಿನಲ್ಲಿ ಇರುವವರಿಗೆ ಹೇಳಬಹುದಾದ ಮಾತು. ಸಣ್ಣ ತಾಲ್ಲೂಕು ಕೇಂದ್ರದ ಹುಡುಗಿಗೆ ಕ್ಲಬ್ಬೂ ಇಲ್ಲ, ಅಂಗಡಿಯೂ ಇಲ್ಲ. ಅವಳು ಫೋನಿನಲ್ಲಿ ಚಿತ್ರ ನೋಡಿ ತರಿಸುತ್ತಾಳೆ, ಬಂದದ್ದು ಭಾರವಾದರೆ ಹಿತ್ತಲಲ್ಲಿ ಒಂದು ವಾರ ಒದ್ದಾಡಿ ಮೂಲೆಗಿಡುತ್ತಾಳೆ. ಹಿತ್ತಲೂ ಸುರಕ್ಷಿತವಲ್ಲ. 20 ಪೌಂಡಿನ ಬಿಲ್ಲು ಹಗುರವೇ ಹೊರತು ಆಟಿಕೆಯಲ್ಲ, ಗುರಿ ತಪ್ಪಿದ ಬಾಣ ಬೇಲಿ ದಾಟಿ ಹೋಗಿ ಆಚೆಗಿರುವವರ ಪ್ರಾಣವನ್ನೇ ತೆಗೆದೀತು.

ಹಾಗಾಗಿ ಮೊದಲ ಬಿಲ್ಲಿನ ಪ್ರಶ್ನೆಯನ್ನು ಕೊಳ್ಳುವವರೊಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. ಪ್ರತಿ ಜಿಲ್ಲಾ ಕ್ರೀಡಾಂಗಣದ ಒಂದು ಬೀರುವಿನಲ್ಲಿ ಕೆಲವು ಮರದ ರೈಸರುಗಳು, 12ರಿಂದ 26 ಪೌಂಡಿನವರೆಗೆ ಎರಡೆರಡು ಪೌಂಡಿನ ಅಂತರದ ಲಿಂಬ್ ಜೋಡಿಗಳು, ಬೇರೆ ಬೇರೆ ಸ್ಪೈನಿನ ಬಾಣಗಳು ಇರಲಿ. ಒಂದು ತೂಗುವ ಕೊಕ್ಕೆ ತಕ್ಕಡಿ ಇರಲಿ, ಬೆರಳಿಗೆ ಬರುವ ಭಾರವನ್ನು ಅಲ್ಲೇ ಅಳೆದು ಬರೆದಿಡಬಹುದು. ಗ್ರಂಥಾಲಯದಿಂದ ಪುಸ್ತಕ ಒಯ್ದ ಹಾಗೆ ಮಕ್ಕಳು ಠೇವಣಿ ಕೊಟ್ಟು ಲಿಂಬ್ ಒಯ್ಯಲಿ, ಎರಡು ಮೂರು ತಿಂಗಳಿಗೆ ತಂದುಕೊಟ್ಟು ಮುಂದಿನ ಜೋಡಿ ಪಡೆಯಲಿ. ಲಕ್ಷ ಬೆಲೆಯ ಒಂದು ಸ್ಪರ್ಧಾ ಬಿಲ್ಲಿನ ದುಡ್ಡಿನಲ್ಲಿ ಇಂಥ ಬೀರುವೊಂದನ್ನು ತುಂಬಬಹುದು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಪದಕ ಗೆದ್ದವರಿಗೆ ಕೊಡುವ ನೆರವಿನ ಜೊತೆಗೆ ಇದನ್ನೂ ತನ್ನ ಕೆಲಸವೆಂದು ತಿಳಿದು, ಮೊದಲು ಎರಡು ಜಿಲ್ಲೆಗಳಲ್ಲಾದರೂ ಮಾಡಿ ನೋಡಬೇಕು.